ಒಂದೇ ಉಣ್ಣೆ, ಮೂರು ಮನೆ

ಮಾಗಿಯ ಚಳಿಗಾಲ, ಹೊತ್ತು ಮೂಡಿ ಇನ್ನೂ ಮಾರುದ್ದವೂ ಏರಿರಲಿಲ್ಲ. ಯುದ್ಧದ ಕಾಲ ಅದು. ಕಳ್ಳಂಬೆಳ್ಳದ ಕೆರೆಯಾಚೆಯ ಕುರುಬರ ಹಟ್ಟಿಗೆ ರೇಣುಕಯ್ಯ ಮೇಷ್ಟ್ರು ಉದ್ದನೆಯ ಹಾಳೆ ಹಿಡಿದುಕೊಂಡು ಬಂದರು. ಹಟ್ಟಿಯ ಒಂದು ವರ್ಷದ ಹುಟ್ಟುವಳಿ ಎಷ್ಟೆಂದು ಮನೆಮನೆ ಕೇಳಿ ಬರೆಯಲು ಸರ್ಕಾರ ಅವರನ್ನು ಕಳಿಸಿತ್ತು.

ಕಂಬಳಿ ನೇಯುವ ಬೋರಪ್ಪನಿಗೆ ಹಿಗ್ಗೋ ಹಿಗ್ಗು. "ನೂರಿಪ್ಪತ್ತು ರೂಪಾಯಿನ ಕಂಬ್ಳಿ ನೇಯ್ದಿವ್ನಿ, ಬರ್ಕೊಳ್ಳಿ ಮೇಷ್ಟ್ರೇ!" ಎಂದ. ಅವನ ಹೆಂಡತಿ ಕ್ಯಾತಮ್ಮ ಮಾತ್ರ ಹೆದರಿದಳು. ಮನೆಗೆ ಸರಾಸರಿ ಅರವತ್ತು ರೂಪಾಯಿ ದಾಟಿದರೆ ಹಟ್ಟಿಯ ಸರ್ಕಾರಿ ರಾಗಿ ಡಿಪೋ ಮುಚ್ಚುತ್ತಾರೆಂದು ಮೇಷ್ಟ್ರೇ ಹೇಳಿದ್ದರು. ಬೆಲೆ ಏರಿ ಸಂತೆಯ ರಾಗಿ ಮುಟ್ಟುವ ಹಾಗಿರಲಿಲ್ಲ. ಅವಳ ಗುಡಾಣದಲ್ಲಿ ಇದ್ದದ್ದು ನಾಲ್ಕು ದಿನದ ಹಿಟ್ಟು, ಉಣ್ಣುವ ಬಾಯಿ ಆರು.

ಅಳುಕುತ್ತಲೇ ಮೇಷ್ಟ್ರ ಹಿಂದೆ ಹೋದಳು. ಕುರಿ ಕಾಯುವ ಅಣ್ಣ ಓಬಯ್ಯನ ಮನೆಯಲ್ಲಿ ಉಣ್ಣೆ, ನಲವತ್ತು ರೂಪಾಯಿ. ನೂಲುವ ರಂಗಕ್ಕನ ಮನೆಯಲ್ಲಿ ನೂಲು, ಎಪ್ಪತ್ತು. ತನ್ನ ಮನೆಯ ಕಂಬಳಿ, ನೂರಿಪ್ಪತ್ತು. ಉಳಿದ ಮನೆಗಳಲ್ಲೂ ಇದೇ ಬಗೆ. ಮೇಷ್ಟ್ರು ಕೂಡಿ ನೋಡಿ ತಲೆ ಕೊಡವಿದರು.

"ನಿಮ್ಮ ಮೂರೇ ಮನೆಗೆ ಇನ್ನೂರ ಮೂವತ್ತು ಕಣಮ್ಮ. ತಲಾ ಎಪ್ಪತ್ತಾರು ಮೀರಿತು. ಡಿಪೋ ಉಳಿಯೋದು ಕಷ್ಟ."

ಕ್ಯಾತಮ್ಮ ಒಳಗೆ ಓಡಿ ಒಂದು ಕಂಬಳಿ ತಂದು ಹಾಸಿದಳು. ಉಣ್ಣೆ ಯಾರ ಮಂದೆಯದೆಂದು ತಿಳಿಯಲು ಅಂಚಿನಲ್ಲಿ ಗುರುತಿನ ಎಳೆ ಇಡುವುದು ಆ ಹಟ್ಟಿಯ ರೂಢಿ. ಓಬಯ್ಯನ ಗುರುತು ಕೆಂಚು.

"ಈ ಕೆಂಚು ಎಳೆ ನೋಡಿ ಮೇಷ್ಟ್ರೇ. ಅಣ್ಣನ ಮನೇಲಿ ಇದ್ನೇ ಬರ್ದ್ರಿ, ರಂಗಕ್ಕನ ಮನೇಲೂ ಇದ್ನೇ, ನಮ್ಮನೇಲೂ ಇದ್ನೇ. ಒಂದ್ ಉಣ್ಣೆ ಮೂರು ಸಲ ಆಯ್ತು. ನೂಲಿಗೆ ಅಂತ ರಂಗಕ್ಕಂಗೆ ಎಪ್ಪತ್ತು ಕೊಟ್ಟೋರು ನಾವು, ಅದ್ರಾಗೆ ನಲ್ವತ್ತು ಅಣ್ಣಂಗೆ ಕೊಟ್ಟೋಳು ಅವ್ಳು."

ಮೇಷ್ಟ್ರ ಮುಖ ಸಣ್ಣದಾಯಿತು. ಉಣ್ಣೆಯನ್ನೂ ನೂಲನ್ನೂ ಹೊಡೆದುಹಾಕಲು ಲೇಖನಿ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ಓಬಯ್ಯ ಕೆರಳಿದ.

"ಅಂಗಾದ್ರೆ ನಂದು ಸೊನ್ನೆನಾ? ವರ್ಸೆಲ್ಲಾ ಕುರಿ ಹಿಂದೆ ತಿರುಗ್ದೋನು ಸೋಂಬೇರಿ ಅಂತ ಬರೀರಿ! ಲೇ ಬೋರ, ನಿನ್ ಹೆಂಡ್ರು ನನ್ ಹೊಟ್ಟೆಗೆ ಹೊಡ್ದ್ಬುಟ್ಳು ಕಣ್ಲಾ!"

"ಸುಮ್ಕಿರಣ್ಣ," ಎಂದಳು ಕ್ಯಾತಮ್ಮ. "ಸೊನ್ನೆ ಯಾರ್ದೂ ಅಲ್ಲ. ಯಾರ್ ಯಾರು ಎಷ್ಟು ಹೆಚ್ಚಿಗೆ ಸೇರ್ಸಿದ್ರೋ ಅಷ್ಟೇ ಬರೀಲಿ. ನಿಂದು ನಲ್ವತ್ತು, ರಂಗಕ್ಕಂದು ಮೂವತ್ತು, ನಮ್ದು ಐವತ್ತು."

ಮೇಷ್ಟ್ರು ಬೆರಳು ಮಡಿಸಿ ಕೂಡಿದರು. ನೂರಿಪ್ಪತ್ತು. ತಲಾ ನಲವತ್ತು.

"ಲೆಕ್ಕ ಸರಿಯೇ ತಾಯಿ. ಆದರೆ ಹಾಳೆ ತುಂಬ ಹೊಡೆದು ತಿದ್ದಿದ ಕಾಟು ಬೀಳುತ್ತಲ್ಲ! ಹಟ್ಟಿಯವರ ಹತ್ತಿರ ಏನು ತಿಂದೆ ಅಂತ ಸಿರಾದ ಸಾಹೇಬರು ಕೇಳಿದರೆ?"

"ಈ ಕಂಬ್ಳಿ ತೋರ್ಸಿ."

"ಕಂಬಳಿ ಲಂಚ ತಿಂದೆ ಅಂತಾರೆ!" ಎಂದರು ಮೇಷ್ಟ್ರು. ಬೋರಪ್ಪ ನಕ್ಕ, ಇನ್ಯಾರೂ ನಗಲಿಲ್ಲ. ಕೊನೆಗೆ ಕ್ಯಾತಮ್ಮ ಅಂಚಿನ ಕೆಂಚು ಎಳೆಯನ್ನು ಗೇಣುದ್ದ ಬಿಚ್ಚಿ ಕೊಟ್ಟಳು. ಮೇಷ್ಟ್ರು ಎಲ್ಲ ಮನೆಯ ಲೆಕ್ಕವನ್ನೂ ತಿದ್ದಿ, ಅದನ್ನು ಸಾಕ್ಷಿಗೆಂದು ಹಾಳೆಗೆ ಕಟ್ಟಿಕೊಂಡು ಶುಕ್ರವಾರ ಸಿರಾಕ್ಕೆ ನಡೆದರು.

ಶನಿವಾರ ಹೋಯಿತು, ಭಾನುವಾರವೂ ಹೋಯಿತು. ಕ್ಯಾತಮ್ಮ ಹಿಟ್ಟನ್ನು ಹಿಡಿ ಹಿಡಿಯಾಗಿ ಕಡಿಮೆ ಮಾಡಿದಳು. ಮುದ್ದೆ ಚಿಕ್ಕದಾಯಿತು. ಗಾಡಿಯ ಸದ್ದು ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದಳು. ಹಟ್ಟಿಯ ಸುತ್ತ ಮೇವು ಮುಗಿದು ಕುರಿಗಳು ಅರಚುತ್ತಿದ್ದರೂ ಓಬಯ್ಯ ಮಂದೆ ಎಬ್ಬಿಸಿ ಮೇವಿನ ಕಡೆಗೆ ಹೊರಡಲಿಲ್ಲ. ತಂಗಿಯ ಜೊತೆ ಮಾತು ಬಿಟ್ಟಿದ್ದ, ಆದರೆ ಅವಳ ಹಾಗೆಯೇ ಗಾಡಿಯ ದಾರಿ ನೋಡುತ್ತಿದ್ದ.

ಸೋಮವಾರ ಸಂಜೆ ರಾಗಿಯ ಗಾಡಿ ಬಂತು. ಸಾಹೇಬರು ಲೆಕ್ಕ ಒಪ್ಪಿದ್ದರು, ಡಿಪೋ ಬಾಗಿಲು ತೆರೆಯಿತು. ಕ್ಯಾತಮ್ಮ ಸೇರು ಹಿಡಿದು ಸಾಲಿನ ಮುಂದೆ ನಿಂತಳು. ಅವಳ ಮಡಿಲಿಗೆ ರಾಗಿ ಬಿದ್ದದ್ದನ್ನು ಓಬಯ್ಯ ದೂರದಿಂದ ನೋಡಿ ಕಂಬಳಿ ಹೆಗಲಿಗೆ ಹಾಕಿಕೊಂಡ.

ಮಂದೆ ಹೊಡೆದುಕೊಂಡು ಅವನು ಪಾವಗಡದ ಕಡೆಗೆ ಹೊರಟದ್ದು ಮಂಗಳವಾರ.