ಎರಡನೇ ಕೋಣೆಗೆ ಬೀಗ ಹಾಕಿದ ಹೆಡ್‌ಮೇಡಂ

ಬಲ್ಗೇರಿಯಾದ ಬೆಟ್ಟದೂರು ಬೊರ್ಕೊವಿತ್ಸಾದ ಶಾಲೆಯಲ್ಲಿ ಚಳಿ ಶುರುವಾಗುತ್ತಲೇ ಒಂದು ರಗಳೆ ಹತ್ತಿಕೊಂಡಿತು. ಎರಡನೇ ಕೋಣೆಯ ಮಕ್ಕಳಿಗೆ ಗಂಟೆ ಹತ್ತಾಗುವಷ್ಟರಲ್ಲಿ ತಲೆನೋವು. ಒಬ್ಬಳಿಗೆ ವಾಕರಿಕೆ, ಇನ್ನೊಬ್ಬನಿಗೆ ತೂಕಡಿಕೆ.

"ಲೆಕ್ಕದ ಪಾಠ ಅಲ್ವಾ, ತಲೆ ನೋಯದೆ ಇರುತ್ತಾ?" ಎಂದು ಊರವರು ನಕ್ಕರು.

ಹೆಡ್‌ಮೇಡಂ ಸೆವ್ದಾಗೆ ನಗು ಬರಲಿಲ್ಲ. ಅದೇ ಮಕ್ಕಳು ಅಂಗಳಕ್ಕೆ ಬಿಟ್ಟರೆ ಗೆಲುವಾಗುತ್ತಿದ್ದರು. ಪಕ್ಕದ ಕೋಣೆಯವರಿಗೆ ಏನೂ ಆಗುತ್ತಿರಲಿಲ್ಲ. ಮೂರನೆಯ ದಿನ ಆಕೆಯ ಕಣ್ಣು ಕೋಣೆ ಬೆಚ್ಚಗಿಡಲು ಮೂಲೆಯಲ್ಲಿ ಉರಿಯುತ್ತಿದ್ದ ಇಟ್ಟಿಗೆ ಒಲೆಯ ಮೇಲೆ ಬಿತ್ತು. ಆ ಕ್ಷಣವೇ ಮಕ್ಕಳನ್ನು ಹೊರಗೆ ಕಳಿಸಿದಳು. ಕಿಟಕಿ ತೆರೆಸಿ, ಒಲೆ ಆರಿಸಿ, ಕೋಣೆಗೆ ಬೀಗ ಹಾಕಿದಳು. ಊರಿನ ನರ್ಸ್ ಗಿನ್ಕಾಗೆ ಫೋನು ಮಾಡಿದಳು. ಹದಿನಾಲ್ಕು ಮಕ್ಕಳಿಗೆ ಊರ ವಾಚನಾಲಯದಲ್ಲಿ ಪಾಠ ಎಂದು ಗೊತ್ತುಮಾಡಿದಳು.

ಅವತ್ತು ಸಂಜೆಯೇ ಹೆತ್ತವರೆಲ್ಲ ಬಂದು ಮುತ್ತಿಕೊಂಡರು.

"ವಾಚನಾಲಯದಲ್ಲಿ ಕೂರೋಕೆ ಬೆಂಚೇ ಇಲ್ಲ! ನಾವು ಮಕ್ಕಳನ್ನ ಪೇಟೆ ಶಾಲೆಗೆ ಹಾಕ್ತೀವಿ, ಅಷ್ಟೇ!"

ಇನ್ನು ನಾಲ್ಕು ಮಕ್ಕಳು ಬಿಟ್ಟುಹೋದರೆ ಶಾಲೆಯನ್ನೇ ಮುಚ್ಚುತ್ತೇವೆಂದು ಮೇಲಿನವರು ಸೆವ್ದಾಗೆ ಮೊದಲೇ ಹೇಳಿದ್ದರು.

ಆಗ ಗಾರೆ ಕೆಲಸದ ಡೊಬ್ರಿ ತಾತ ಎದ್ದು ನಿಂತ. ಅವನ ಮೊಮ್ಮಗಳು ನೇದಾ ಅದೇ ಕೋಣೆಯವಳು. "ಆ ಒಲೆ ಕಟ್ಟಿದ್ದು ಈ ಕೈ! ಇಪ್ಪತ್ತೆಂಟು ವರ್ಷ ಆಯ್ತು. ಒಂದು ಎಳೆ ಹೊಗೆ ಒಳಗೆ ಬಂದಿದ್ದನ್ನ ಯಾರಾದ್ರೂ ಕಂಡಿದ್ದೀರೇನ್ರಯ್ಯಾ?"

"ನಾನೂ ಕಂಡಿಲ್ಲ ತಾತ," ಎಂದಳು ಸೆವ್ದಾ.

"ಮತ್ತೆ? ಹೊಗೆ ಇಲ್ಲ, ವಾಸನೆ ಇಲ್ಲ, ಬೀಗ ಮಾತ್ರ ಇದೆ! ನಾಳೆ ಏನೂ ಇಲ್ಲ ಅಂತಾದ್ರೆ?"

"ಏನೂ ಇಲ್ಲ ಅಂತಾದ್ರೆ ಎಲ್ಲರೂ ನನ್ನ ನೋಡಿ ನಗಿ. ನಾನೂ ನಿಮ್ಮ ಜೊತೆ ನಗ್ತೀನಿ. ಆದ್ರೆ ಏನೋ ಇದ್ದು, ನಾನು ಬಾಯಿ ಮುಚ್ಕೊಂಡು ಕೂತಿದ್ರೆ, ಆಮೇಲೆ ಈ ಊರಲ್ಲಿ ಯಾರೂ ನಗೋ ಹಾಗಿರಲ್ಲ. ಬೀಗದ ಕೈ ನನ್ನ ಹತ್ರ ಇದೆ ಅಂದ್ಮೇಲೆ ಆ ಜವಾಬ್ದಾರಿನೂ ನಂದೇ."

ಯಾರೂ ಒಪ್ಪಲಿಲ್ಲ. ಗೊಣಗುತ್ತಲೇ ಎದ್ದುಹೋದರು.

ಮರುದಿನ ಬೆಳಿಗ್ಗೆ ಸೆವ್ದಾ ಗಿನ್ಕಾಳನ್ನು ಕರೆದುಕೊಂಡು ಡೊಬ್ರಿ ತಾತನ ಮನೆಗೆ ಹೋದಳು. ಅವನ ಹೆಂಡತಿ ಕೆರಾನಾ ಚೀಸ್ ತುಂಬಿದ ಪದರ ರೊಟ್ಟಿ ಬಾನಿತ್ಸಾ ಒಲೆಯಿಂದ ತೆಗೆಯುತ್ತಿದ್ದಳು. ಚಳಿಗಾಳಿ ನುಗ್ಗದಂತೆ ಕಿಟಕಿಯ ಸಂದುಗಳಿಗೆಲ್ಲ ಹಳೇಬಟ್ಟೆ ತುರುಕಿತ್ತು.

"ಶಾಲೆ ಒಲೇಲಿ ತಪ್ಪು ಹುಡುಕೋಕೆ ಬಂದ್ರಾ?" ಎಂದ ತಾತ, ಕೂತಲ್ಲಿಂದ ಏಳದೆ.

"ಇಲ್ಲ ತಾತ. ಅದನ್ನ ಬಿಚ್ಚಿ ನೋಡೋಕೆ ನಿನಗಿಂತ ಬಲ್ಲೋರು ಯಾರಿದ್ದಾರೆ? ಕರೆಯೋಕೆ ಬಂದೆ."

ಗಿನ್ಕಾ ಮಾತ್ರ ಕಿಟಕಿಯನ್ನೇ ನೋಡುತ್ತಿದ್ದಳು. "ಅಜ್ಜಿ, ನಿಮಗೆ ಬೆಳಿಗ್ಗೆ ಎದ್ದಾಗ ತಲೆ ನೋಯುತ್ತಾ?"

"ಅಯ್ಯೋ, ಸಿಡಿದುಹೋಗುತ್ತೆ ಕಣಮ್ಮ! ಆಡಿನ ಹಾಲು ಕರೆಯೋಕೆ ಹೊರಗೆ ಹೋದ್ರೆ ಸರಿಯಾಗುತ್ತೆ. ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು ಅಂದ್ಕೊಂಡಿದ್ದೆ."

"ವಯಸ್ಸಿಗಲ್ಲ ಅಜ್ಜಿ. ಹೊಗೆ ಆದ್ರೆ ಕಣ್ಣು ಉರಿಯುತ್ತೆ, ನಾವು ಎದ್ದು ಓಡ್ತೀವಿ. ಇದು ಹೊಗೆ ಅಲ್ಲ, ಒಲೆ ಉರಿಯುವಾಗ ಹುಟ್ಟೋ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆಗೂಡು ಕಟ್ಟಿಕೊಂಡು, ಕಿಟಕಿನೂ ಮುಚ್ಚಿದ್ರೆ ಮನೆಯೊಳಗೇ ತುಂಬಿಕೊಳ್ಳುತ್ತೆ. ಮಲಗಿದೋರು ಏಳೋದೇ ಇಲ್ಲ. ಎಷ್ಟೋ ಮನೆ ಹೀಗೇ ಹೋಗಿವೆ."

"ನೇದಾನೂ ಇಲ್ಲೇ ಮಲಗ್ತಾಳಲ್ರೀ..." ಕೆರಾನಾ ಗಂಡನ ಮುಖ ನೋಡಿದಳು.

ಡೊಬ್ರಿ ತಾತ ಎದ್ದು ಹೋಗಿ ಕಿಟಕಿಯ ಬಟ್ಟೆಯನ್ನು ಒಂದೊಂದಾಗಿ ಕಿತ್ತು ಬಿಸಾಡಿದ. ಒಲೆಯ ಕೆಂಡ ಹೊರಗೆ ಹಾಕಿದ. ಆಮೇಲೆ ಏಣಿ ಹೆಗಲಿಗೇರಿಸಿ, "ನಡಿ, ಮೊದಲು ಶಾಲೆ," ಎಂದ.

ಮಧ್ಯಾಹ್ನ ಅವನು ಶಾಲೆಯ ಮಾಡಿನಿಂದ ಇಳಿದಾಗ ಮೀಸೆಯವರೆಗೂ ಮಸಿ. ಹೊಗೆಗೂಡಿನ ಒಳಗೆ ಇಟ್ಟಿಗೆಗಳು ಕಳಚಿ ಅಡ್ಡ ಬಿದ್ದಿದ್ದವು. ಅವುಗಳ ಮೇಲೆ ಕಾಗೆಯೊಂದು ಗೂಡು ಕಟ್ಟಿತ್ತು. ಹೊಗೆ ತೆಳ್ಳಗೆ ನುಸುಳುವಷ್ಟು ಸಂದು ಬಿಟ್ಟರೆ ಕೈ ಆಡಿಸುವಷ್ಟೂ ಜಾಗವಿರಲಿಲ್ಲ.

"ಕಟ್ಟಿದೋನು ನಾನೇ ಸೆವ್ದಾ," ಎಂದ ತಾತ, ದನಿ ತಗ್ಗಿಸಿ. "ಒಳಗೆ ಇಣುಕಿ ನೋಡಿ ಮಾತ್ರ ಹನ್ನೊಂದು ವರ್ಷ ಆಯ್ತು."

"ನೋಡಿಸಬೇಕಾದೋಳು ನಾನಲ್ವಾ ತಾತ? ಬೇಸಿಗೆಯಲ್ಲೇ ನಿನ್ನ ಕರೀಬೇಕಿತ್ತು. ತಪ್ಪು ನಂದು."

ಆ ಮಾತನ್ನು ಆಕೆ ಸಂಜೆ ಹೆತ್ತವರೆದುರೂ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ತಾತನೇ ಎದ್ದು, "ನಿನ್ನೆ ಜೋರಾಗಿ ಕೂಗಿದೋನು ನಾನು. ಈ ಹುಡುಗಿ ಬೀಗ ಹಾಕದೆ ಇದ್ದಿದ್ರೆ ನನ್ನ ಮೊಮ್ಮಗಳ ಗತಿ ಏನಾಗ್ತಿತ್ತೋ," ಎಂದ. ಪೇಟೆ ಶಾಲೆಯ ಮಾತೆತ್ತಿದ್ದವರು ಗಾರೆ ಕಲಸಲು ಬಂದರು. ಮತ್ತೆ ಒಲೆ ಹಚ್ಚುವ ಮೊದಲು ತಾತ ತನ್ನ ಮನೆಯ ಹೊಗೆಗೂಡನ್ನೂ ಗುಡಿಸಿದ. ಹತ್ತು ದಿನದಲ್ಲಿ ಕೋಣೆ ತೆರೆಯಿತು. ಗೋಡೆಯ ಮೇಲೆ ವಿಷಗಾಳಿ ಬಂದರೆ ಕೂಗಿಕೊಳ್ಳುವ ಪುಟ್ಟ ಯಂತ್ರ ಕೂತಿತು. ಒಂದು ಮಗುವೂ ಶಾಲೆ ಬಿಡಲಿಲ್ಲ. ಕೋಣೆ ತೆರೆದ ದಿನ ಕೆರಾನಾ ಎರಡು ತಟ್ಟೆ ಬಾನಿತ್ಸಾ ಹೊತ್ತು ಬಂದಳು. ಸೆವ್ದಾ ಮಕ್ಕಳ ನಡುವೆ ಬೆಂಚಿನ ಮೇಲೆ ಕೂತು, ಬೆರಳು ನೆಕ್ಕುತ್ತ ತಿಂದಳು.

ಅಮ್ಮಂದಿರೇ, ಅಪ್ಪಂದಿರೇ, ಸೌದೆಯಾಗಲಿ, ಇದ್ದಿಲಾಗಲಿ, ಸ್ನಾನದ ನೀರು ಕಾಯಿಸುವ ಗ್ಯಾಸ್ ಗೀಸರಾಗಲಿ, ಉರಿಯುವಲ್ಲಿ ಗಾಳಿ ಆಡಲಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಹೊಗೆಗೂಡನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ನೋಡಿಸಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆ ನೋಯುತ್ತಿದ್ದರೆ, ಹೊರಗೆ ಬಂದಾಗ ಕಡಿಮೆಯಾಗುತ್ತಿದ್ದರೆ, ತಡ ಮಾಡದೆ ಎಲ್ಲರೂ ಹೊರಗೆ ಬನ್ನಿ, ವೈದ್ಯರಿಗೆ ತೋರಿಸಿ. ಇನ್ನೊಂದು ಮಾತು: ನಿಮ್ಮೂರಿನ ಹೆಡ್‌ಮಾಸ್ತರರೋ ಹೆಡ್‌ಮೇಡಮ್ಮೋ ಮಕ್ಕಳ ಹಿತಕ್ಕೆಂದು ನಿಮಗೆ ಹಿಡಿಸದ ತೀರ್ಮಾನ ಮಾಡಿದರೆ, ಕೂಗಾಡುವ ಮೊದಲು ಏಕೆಂದು ಕೇಳಿ. ಕೇಳಿದ ಮೇಲೆ ಕೈ ಜೋಡಿಸಿ.