ಪೆರ್ದೆಬಾಯ್ ನಾಲಿಗೆ

ಉಪ್ಪು ನೆಲದ ನಮ್ಮೂರು ಚಿಂಬಾಯ್ ಕಡೆ ಮಾರ್ಚ್ ಬಂತೆಂದರೆ ಹೊಲಗಳಿಗೆಲ್ಲ ಸ್ನಾನ. ಕಾಲುವೆ ನೀರು ಕಟ್ಟಿ ನಿಲ್ಲಿಸಿ ಮಣ್ಣಿನ ಉಪ್ಪು ತೊಳೆಯುತ್ತೇವೆ. ಎಷ್ಟು ಸಲ ತೊಳೆಯಬೇಕೆಂದು ತೀರ್ಮಾನಿಸುವುದು ನಮ್ಮ ಯಜಮಾನರು ಪೆರ್ದೆಬಾಯ್ ಅವರ ನಾಲಿಗೆ. ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಾರೆ, ಕಣ್ಣು ಮುಚ್ಚುತ್ತಾರೆ, ಉಗಿಯುತ್ತಾರೆ. "ಉಪ್ಪಿದೆ. ಇನ್ನೊಂದು ನೀರು!" ಇಪ್ಪತ್ತು ವರ್ಷದಿಂದ ಬೇರೆ ಮಾತೇ ಇಲ್ಲ.

ಈ ಸಲ ಸೊಸೆ ಐಪರ್ಶಾ ಮೂಲೆಯ ತುಂಡು ಹೊಲ ಕೇಳಿ ಪಡೆದಳು. ತವರಿನಿಂದ ತಂದ ಕರಬೂಜದ ಬೀಜ ಹಾಕುವ ಆಸೆ. ಎರಡೇ ನೀರು ಕೊಟ್ಟು, ಮೇಲೆ ಗೋಧಿ ಹುಲ್ಲು ಹೊದಿಸಿದಳು.

"ಮಾವಾ, ನೀರು ಜಾಸ್ತಿ ಬಿಟ್ರೆ ನೆಲದಡಿಯ ನೀರೂ ಮೇಲಕ್ಕೆ ಬಂದು ಉಪ್ಪು ತರುತ್ತೆ. ಈಗೀಗಂತೂ ಏಪ್ರಿಲ್‌ನಲ್ಲೇ ಬೆಂಕಿಯಂಥ ಬಿಸಿಲು. ಹುಲ್ಲಿದ್ರೆ ನೆಲ ಬೇಗ ಒಣಗಲ್ಲ, ಉಪ್ಪೂ ಮೇಲೇಳಲ್ಲ."

"ಹೊಲಕ್ಕೆ ಕಂಬಳಿ ಹೊದಿಸ್ತಾಳಂತೆ! ಒಂದು ದಿಂಬೂ ಇಟ್ಬಿಡಮ್ಮ. ನಾಳೆ ರುಚಿ ನೋಡ್ತೀನಿ. ಉಪ್ಪಿದ್ರೆ ಹುಲ್ಲು ತೆಗೆದು ಮೂರನೇ ನೀರು ಬಿಡೋದೇ."

ಮೂರನೇ ನೀರು ಬಿಟ್ಟರೆ ನೆಲ ಆರುವಷ್ಟರಲ್ಲಿ ಬಿತ್ತುವ ಕಾಲವೇ ಮೀರುತ್ತದೆ. ಹುಡುಗಿಯ ಮುಖ ಸಪ್ಪಗಾಯಿತು.

ಮರುದಿನ ಬೆಳಿಗ್ಗೆ ಯಜಮಾನರ ಬಟ್ಟಲಿಗೆ ಹಾಲು ಹಾಕಿದ ಚಹಾ ಬಗ್ಗಿಸಿ, ಅವರಿಗಿಷ್ಟವೆಂದು ಎಂದಿನಂತೆ ಧಾರಾಳವಾಗಿ ಉಪ್ಪು ಹಾಕುತ್ತಿದ್ದೆ. ಚಮಚ ಕೈಯಲ್ಲೇ ನಿಂತಿತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಈ ಮನುಷ್ಯ ದಿನಾ ಇದನ್ನು ಮೂರು ಬಟ್ಟಲು ಕುಡಿದ ಮೇಲಲ್ಲವೇ ಹೊಲಕ್ಕೆ ಹೋಗುವುದು?

ಬಟ್ಟಲು ಹಿಂದಕ್ಕೆಳೆದುಕೊಂಡೆ. "ಮೊದಲು ಮಣ್ಣು, ಆಮೇಲೆ ಚಹಾ."

"ಬರಿಹೊಟ್ಟೇಲಿ ಮಣ್ಣು ತಿನ್ನಿಸ್ತೀಯೇನೇ?"

"ಇಪ್ಪತ್ತು ವರ್ಷದಿಂದ ತಿಂತಿದ್ದೀರಲ್ಲ, ಇವತ್ತೇನು ಹೊಸದು? ನಡೀರಿ."

ಗೊಣಗುತ್ತಲೇ ಬಂದರು. ಐಪರ್ಶಾ ಹುಲ್ಲು ಸರಿಸಿ ಮಣ್ಣು ತೆಗೆದುಕೊಟ್ಟಳು. ಇವರು ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು. ಉಗಿಯಲೇ ಇಲ್ಲ. ಇನ್ನೊಂದು ಚಿಟಿಕೆ ತೆಗೆದುಕೊಂಡರು.

"ಸಪ್ಪೆ," ಎಂದರು.

ನನ್ನ ಅಡುಗೆಗೆ ಈ ಮಾತು ಅಂದಿದ್ದರೆ ಸೌಟು ಎತ್ತುತ್ತಿದ್ದೆ. ಅವತ್ತು ಹಾಲು ಕುಡಿದಷ್ಟು ಖುಷಿಯಾಯಿತು. ಐಪರ್ಶಾ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ನಗು ತಡೆಯಲಾರದೆ ಚಹಾದ ವಿಷಯ ಹೇಳಿಬಿಟ್ಟೆ.

ಇವರು ತಲೆ ತುರಿಸಿಕೊಂಡರು. "ಹಂಗಾದ್ರೆ ಇಷ್ಟು ವರ್ಷ ನಾನು ತೊಳೆದಿದ್ದು ನಿನ್ನ ಚಹಾದ ಉಪ್ಪನ್ನಾ?" ಆಚೀಚೆ ಹೊಲಗಳತ್ತ ಕಣ್ಣಾಡಿಸಿ, "ಊರಿಗೆ ಹೇಳ್ಬೇಡ ಕಣೇ," ಎಂದರು.

ಆಗಸ್ಟಿನಲ್ಲಿ ಸೊಸೆ ಮೊದಲ ಕರಬೂಜ ಕೊಯ್ದು ತಂದು ಮಾವನ ಮುಂದೆಯೇ ಹೆಚ್ಚಿದಳು. ಅವತ್ತು ಅವರು ಚಹಾ ಮುಟ್ಟದೆ ಕಾದು ಕೂತಿದ್ದರು.