ಭಾವನ ಕೈಲಿದ್ದ ಕೀ

ನನ್ನ ಗಂಡ ತೀರಿಕೊಂಡ ವಾರವೇ ಅವರ ಅಣ್ಣ ಹೈಥಮ್, ಅವರ ಬಳಿಯಿದ್ದ ಕಾರಿನ ಕೀಯನ್ನು ತನ್ನ ಜೇಬಿಗಿಳಿಸಿದ. ಕಾರು ಇದ್ದದ್ದು ನನ್ನ ಹೆಸರಿನಲ್ಲಿ, ಇನ್ನೊಂದು ಕೀ ನನ್ನ ಬಳಿ. ಕೇಳಿದರೆ, "ನಿಂಗ್ಯಾಕಮ್ಮ ಕಾರು? ಎಲ್ಲಿಗೆ ಹೋಗ್ಬೇಕು ಹೇಳು, ನಾನ್ ಬಿಡ್ತೀನಿ" ಅಂದ. ಒಂದು ದಿನವೂ ಬಿಟ್ಟವನಲ್ಲ. ನಾನು ಆಸ್ಪತ್ರೆಯ ಡ್ಯೂಟಿಗೆ ಇಳಿದು ಬರುವಷ್ಟರಲ್ಲಿ ಕಾರು ಮಾಯ. ಹೈಬ್ರಿಡ್ ಕಾರು ಸದ್ದಿಲ್ಲದೆ ಹೊರಡುತ್ತದೆ, ಕಳ್ಳರಿಗೆ ಅನುಕೂಲ. ಅಮ್ಮಾನ್ ನಗರದ ಏರುರಸ್ತೆಗಳಲ್ಲಿ ಬಸ್ಸಿಗೆ ಕಾದು ಕಾದು ನನಗೆ ರಕ್ತ ಕುದಿಯುತ್ತಿತ್ತು.

ಆಮೇಲೆ ನನ್ನ ಕೀ ನೀರಿಗೆ ಬಿದ್ದು ಕೆಟ್ಟಿತು. ಕೀ ಮಾಡುವ ಅಬೂ ಲೈಥ್ ಮನೆಗೇ ಬಂದು, ಕಾರಿಗೆ ತನ್ನ ಯಂತ್ರ ಜೋಡಿಸಿದ.

"ಅಕ್ಕಾ, ಇನ್ನೊಂದು ಕೀನೂ ತಂದ್ಬಿಡಿ. ಕಾರಿನ ಮೆಮೊರಿಯಿಂದ ಹಳೇ ಕೀಗಳನ್ನೆಲ್ಲ ಅಳಿಸಿ ಹೊಸದಾಗಿ ಸೇರಿಸ್ತೀನಿ. ಇಲ್ಲಿಲ್ಲದ ಕೀ ಆಮೇಲೆ ಕೆಲಸಕ್ಕೆ ಬರಲ್ಲ."

"ಅದರ ಯಜಮಾನರು ತೀರ್ಕೊಂಡಿದಾರೆ. ಅಳಿಸಪ್ಪ" ಅಂದೆ.

ಶುಕ್ರವಾರ ಹೈಥಮ್‌ನ ಮಗನಿಗೆ ಹೆಣ್ಣು ಕೇಳಲು ಕುಟುಂಬದ ಹಿರಿಯರೆಲ್ಲ ಹೊರಟು ನಿಂತಿದ್ದರು. ಹೊಸ ಕೋಟು ತೊಟ್ಟ ಭಾವ ಅವರೆಲ್ಲರ ಎದುರು ಕೀ ಒತ್ತಿದ. ಮತ್ತೆ ಒತ್ತಿದ. ಕಾರು ಮಿಸುಕಲಿಲ್ಲ. ಕೀಯನ್ನು ಊದಿದ, ಕೋಟಿಗೆ ಒರೆಸಿದ. ಒಬ್ಬ ಹಿರಿಯರು ಗಡಿಯಾರ ನೋಡಿಕೊಂಡರು.

ನಾನು ಮೆಟ್ಟಿಲಿಳಿದು ಬಂದು ನನ್ನ ಹೊಸ ಕೀ ಒತ್ತಿದೆ. ಕಾರಿನ ದೀಪ ಮಿನುಗಿತು. ಹಿಂದಿನ ಬಾಗಿಲು ತೆರೆದು ಹಿಡಿದೆ.

"ಎಲ್ಲಿಗೆ ಹೋಗ್ಬೇಕು ಹೇಳಿ ಭಾವ, ನಾನ್ ಬಿಡ್ತೀನಿ."